ಶಿಶುವಿನ ರಾತ್ರಿ ನಿದ್ರೆ

ಎಳೆಯ ಶಿಶುವು ರಾತ್ರಿ ಪದೇ ಪದೇ ಎಚ್ಚರಗೊಳ್ಳುವುದು ರೋಗವೂ ಅಲ್ಲ, ಹಟವೂ ಅಲ್ಲ. ಮೊದಲ ಮೂರು ತಿಂಗಳಲ್ಲಿ ಅದಕ್ಕೆ ದಿನಕ್ಕೆ 14ರಿಂದ 17 ಗಂಟೆಗಳ ನಿದ್ರೆ ಅವಶ್ಯಕ. ಆದರೆ ಜಠರವು ಚಿಕ್ಕದಾಗಿರುವುದರಿಂದ ಎರಡು-ಮೂರು ಗಂಟೆಗೊಮ್ಮೆ ಹಾಲು ಬೇಕಾಗುತ್ತದೆ. ಹಗಲು-ರಾತ್ರಿಗಳ ಭೇದವು ಅದರ ಶರೀರಕ್ಕೆ ಕ್ರಮೇಣವೇ ತಿಳಿಯುತ್ತದೆ.

ಈ ಭೇದವನ್ನು ರೂಢಿಸಲು, ಹಗಲಿನಲ್ಲಿ ಮಗುವನ್ನು ಬೆಳಕಿನಲ್ಲಿರಿಸಿ ಮಾತನಾಡಿಸಬೇಕು, ಆಡಿಸಬೇಕು. ಸಂಜೆ ಮೈ ಒರೆಸುವುದು, ಹಾಲೂಡಿಸುವುದು, ಜೋಗುಳ ಹಾಡುವುದು ಪ್ರತಿದಿನವೂ ಒಂದೇ ಕ್ರಮದಲ್ಲಿ ನಡೆಯಬೇಕು. ರಾತ್ರಿ ಹಾಲೂಡಿಸುವಾಗ ಮಂದ ದೀಪ ಸಾಕು; ಆಟ ಬೇಡ. ಒಂದೇ ಕೋಣೆಯ ಮನೆಗಳಲ್ಲಿ ಆ ವೇಳೆಗೆ ಟಿ.ವಿ.ಯನ್ನು ನಿಲ್ಲಿಸುವುದು ಒಳ್ಳೆಯದು.

ಮಗುವನ್ನು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ಮುಖದ ಬಳಿ ದಿಂಬು, ದಪ್ಪ ಹೊದಿಕೆ ಇರಬಾರದು.

ನಿದ್ರೆ ಬರಲೆಂದು ಅಫೀಮು, ಮದ್ಯ ಅಥವಾ ಕೆಮ್ಮು-ನೆಗಡಿಯ ಔಷಧಿಯನ್ನು ಕೊಡುವುದು ಪ್ರಾಣಾಪಾಯಕರ. ಇವು ಉಸಿರಾಟವನ್ನೇ ಕುಂದಿಸಬಲ್ಲವು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಕಿಲ್ಲ. ವರ್ಷ ತುಂಬುವವರೆಗೆ ಜೇನುತುಪ್ಪ ಸಲ್ಲದು.

ಮಗುವು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಜ್ವರ ಅಥವಾ ವೇಗದ ಉಸಿರಾಟ ಕಂಡುಬಂದರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ತಾಯಿಗೂ ವಿಶ್ರಾಂತಿ ಬೇಕು. ತವರಿನಿಂದ ದೂರವಿದ್ದು ಹಿರಿಯರ ನೆರವಿಲ್ಲದ ಮನೆಗಳಲ್ಲಿ, ಬಟ್ಟೆ ಬದಲಿಸುವುದು, ತೇಗು ಬರಿಸುವುದು, ಮರಳಿ ಮಲಗಿಸುವುದು ಮುಂತಾದ ಕೆಲಸಗಳನ್ನು ತಂದೆಯು ವಹಿಸಿಕೊಳ್ಳಬೇಕು. ತಿಂಗಳುಗಳು ಕಳೆದಂತೆ ಮಗುವಿನ ರಾತ್ರಿ ನಿದ್ರೆಯು ತಾನಾಗಿಯೇ ದೀರ್ಘವಾಗುತ್ತದೆ.