ಹಗುರ ಯುದ್ಧವಿಮಾನ: ಬೆಲೆಯೂ ಬಾಳಿಕೆಯೂ

ಹಂಪೆಯ ಮಹಾನವಮಿ ದಿಬ್ಬದಲ್ಲಿ ಕುದುರೆಗಳನ್ನು ನಡೆಸಿಕೊಂಡು ಬರುವ ಪರದೇಶದ ವರ್ತಕರ ಶಿಲ್ಪಗಳಿವೆ. ವಿಜಯನಗರದ ಅರಸರಿಗೆ ಕಾಲಾಳಿನ ಕೊರತೆಯಿರಲಿಲ್ಲ. ಉತ್ತಮ ಕುದುರೆಗಳು ಮಾತ್ರ ಅರಬಸ್ತಾನ, ಪಾರಸಿಕ ದೇಶಗಳಿಂದ ಕಡಲು ದಾಟಿ ಭಟ್ಕಳ, ಗೋವೆಗಳ ಮಾರ್ಗವಾಗಿ ಬರಬೇಕಾಗಿತ್ತು. ಬಂದರು ಯಾರ ಕೈಯಲ್ಲಿತ್ತೋ ಸೇನಾಬಲದ ಒಂದು ಪಾಲೂ ಅವರ ಕೈಯಲ್ಲಿತ್ತು. ಇಂದಿನ ಯುದ್ಧವಿಮಾನಗಳ ಸಂಗತಿಯೂ ಹೆಚ್ಚು ಬೇರೆಯಲ್ಲ.

ಒಂದೇ ಎಂಜಿನಿನಿಂದ ಹಾರಿ, ಆಕಾಶದ ಕಾಳಗ, ನೆಲದ ಗುರಿಯ ಮೇಲಿನ ದಾಳಿ, ಪರಿವೀಕ್ಷಣೆ ಎಲ್ಲಕ್ಕೂ ಒದಗುವ, ಮಿತವ್ಯಯದ ವಿಮಾನಗಳುಂಟು. ಬೆಂಗಳೂರಿನ ತೇಜಸ್, ಸ್ವೀಡನ್ನಿನ ಗ್ರಿಪೆನ್, ದಕ್ಷಿಣ ಕೊರಿಯದ ಎಫ್‌ಎ-50, ಚೀನ-ಪಾಕಿಸ್ತಾನಗಳ ಜೆಎಫ್-17 ಈ ಜಾತಿಯವು. ಇವುಗಳಲ್ಲಿ ಯಾವುದು ಅಗ್ಗ? ಕೊಳ್ಳುವ ದಿನದ ಬೆಲೆಯೊಂದನ್ನೇ ನೋಡಿ ಉತ್ತರ ಹೇಳಲಾಗದು. ವಿಮಾನವು 30-40 ವರ್ಷ ಬಾಳತಕ್ಕದ್ದು. ಅದರ ರೇಡಾರು, ಕ್ಷಿಪಣಿ, ಗಣಕಯಂತ್ರಗಳು ಅದಕ್ಕಿಂತ ಬಹು ಬೇಗ ಹಳತಾಗುತ್ತವೆ. ಅವನ್ನು ಬದಲಿಸುವ ಸ್ವಾತಂತ್ರ್ಯ ಯಾರದು ಎಂಬುದರಲ್ಲಿ ನಿಜವಾದ ಬೆಲೆ ಅಡಗಿದೆ.

ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಇದನ್ನು ಅನುಭವದಿಂದ ಬಲ್ಲದು. 1961ರಲ್ಲಿ ಮೊದಲು ಹಾರಿದ ಮಾರುತಕ್ಕೆ ತಕ್ಕ ಎಂಜಿನು ದೊರೆಯದೆ, ಉದ್ದೇಶಿಸಿದ್ದ ವೇಗ ಕೈಗೂಡಲಿಲ್ಲ. ಇಂಗ್ಲೆಂಡಿನ ನ್ಯಾಟ್ ವಿಮಾನವನ್ನಾದರೋ ಇಲ್ಲಿಯೇ ಕಟ್ಟಿ ಕಲಿತು, ರೆಕ್ಕೆಯೊಳಗೇ ಇಂಧನ ತುಂಬುವಂತೆ ತಿದ್ದಿ, ಅಜೀತ್ ಎಂದು ಹೆಸರಿಟ್ಟರು. ರೆಕ್ಕೆಯ ಕೆಳಗೆ ತೂಗುತ್ತಿದ್ದ ಇಂಧನದ ತೊಟ್ಟಿಗಳ ಜಾಗ ಆಯುಧಗಳಿಗೆ ದೊರೆಯಿತು. 1963ರಲ್ಲಿ ವಾಯುಪಡೆಗೆ ಬಂದ ಮಿಗ್-21 ಜಾತಿಯ ವಿಮಾನ ಹೊಸ ರೇಡಾರು, ಹೊಸ ಕ್ಷಿಪಣಿಗಳನ್ನು ಪಡೆದು, ಬೈಸನ್ ಎಂಬ ರೂಪದಲ್ಲಿ 2025ರ ಸೆಪ್ಟೆಂಬರಿನವರೆಗೆ ಸೇವೆ ಸಲ್ಲಿಸಿತು.

ತೇಜಸ್ 2001ರ ಜನವರಿ 4ರಂದು ಮೊದಲು ಹಾರಿತು. 2016ರಲ್ಲಿ ವಾಯುಪಡೆಯನ್ನು ಸೇರಿತು. ಸುಧಾರಿಸಿದ ಮಾರ್ಕ್-1ಎ ರೂಪದ 83 ವಿಮಾನಗಳಿಗೆ 2021ರಲ್ಲಿ, ಮತ್ತೆ 97ಕ್ಕೆ 2025ರಲ್ಲಿ ಒಪ್ಪಂದವಾಯಿತು. ಎರಡನೆಯದರ ಮೊತ್ತ 62,370 ಕೋಟಿ ರೂಪಾಯಿಗೂ ಮಿಗಿಲು. ವಿನ್ಯಾಸ ನಮ್ಮವರದೇ ಆದುದರಿಂದ ನಮ್ಮ ದೇಶದ ಅಸ್ತ್ರ ಕ್ಷಿಪಣಿಯನ್ನು ಅದಕ್ಕೆ ಹೊಂದಿಸಿ, 2023ರಲ್ಲಿ ಹಾರಿಸಿ ಪರೀಕ್ಷಿಸಲು ಸಾಧ್ಯವಾಯಿತು.

ಆದರೆ ಎಂಜಿನು ಅಮೆರಿಕದ್ದು. ಮಾರ್ಕ್-1ಎಗೆ ಬೇಕಾದ ಮೊದಲ ಎಂಜಿನು ಬಂದದ್ದು ತಡವಾಗಿ, 2025ರಲ್ಲಿ, ವಿಮಾನಗಳೂ ತಡವಾದವು. ಗ್ರಿಪೆನ್, ಎಫ್‌ಎ-50ಗಳ ಎಂಜಿನುಗಳೂ ಅದೇ ಅಮೆರಿಕನ್ ಕಂಪನಿಯ ವಂಶದವು, ಜೆಎಫ್-17ರದು ರಷ್ಯದ್ದು. ಬೆಂಗಳೂರಿನಲ್ಲಿ ರೂಪಿಸಿದ ಕಾವೇರಿ ಎಂಜಿನು ತೇಜಸ್ಸಿಗೆ ಬೇಕಾದಷ್ಟು ನೂಕುಬಲವನ್ನು ಮುಟ್ಟಲಿಲ್ಲ.

ಸೊಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಯಥೇಚ್ಛವಾಗಿದೆ. ಎಂಜಿನಿನೊಳಗಿನ ಬೆಂಕಿಯನ್ನು ತಾಳುವ ಅಲಗುಗಳಿಗೆ ಬೇಕಾದುದು ನಿಕ್ಕಲಿನ ಮಿಶ್ರಲೋಹ. ಲೋಹವನ್ನು ಹಣಕೊಟ್ಟು ತರಬಹುದು. ಅದನ್ನು ಒಂದೇ ಹರಳಿನಂತೆ ಎರಕ ಹೊಯ್ಯುವ ವಿದ್ಯೆಯನ್ನು ಅಷ್ಟು ಸುಲಭವಾಗಿ ಯಾರೂ ಮಾರರು. ಆ ವಿದ್ಯೆ ಕೈವಶವಾಗುವವರೆಗೆ, ನಮ್ಮ ಲಾಯದಲ್ಲಿರುವ ಕುದುರೆಗೂ ಹೊರಗಿನ ಬಂದರಿನ ಹಂಗು ತಪ್ಪದು.