ಹೊಸ ನರ್ಸಿಂಗ್ ವಿದ್ಯಾರ್ಥಿಗೆ ಒಬ್ಬ ಅಕ್ಕ ಬೇಕು

ನರ್ಸಿಂಗ್ ಪ್ರವೇಶ ಮುಗಿಯುವ ಹೊತ್ತಿಗೆ ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಡಾವಣೆಯ ಬಾಡಿಗೆ ರೂಮುಗಳಿಗೆ ಹೊಸ ಮುಖಗಳು ಬರುತ್ತವೆ. ಜಗಳೂರು, ಹರಪನಹಳ್ಳಿ, ಹೊನ್ನಾಳಿ ಕಡೆಯ ಹುಡುಗಿಯರು, ಈಗೀಗ ಹುಡುಗರೂ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು ಇವರಲ್ಲಿ ಬಹಳ. ನಾನು ನರ್ಸಿಂಗ್ ಬೋಧಕಿಯಾಗಿ ದುಡಿದು ನಿವೃತ್ತಳಾದವಳು. ಸಂಜೆ ನಮ್ಮ ಮನೆಗೆ ಬರುವ ಈ ಮಕ್ಕಳ ಮಾತು ಕೇಳುತ್ತಾ ನನಗೆ ಒಂದು ವಿಷಯ ಖಚಿತವಾಗಿದೆ. ಒಂದೆರಡು ವರ್ಷದ ಹಿಂದಷ್ಟೇ ಇದೇ ದಾರಿ ದಾಟಿದ ಒಬ್ಬ ಅಕ್ಕ ಅಥವಾ ಅಣ್ಣನನ್ನು ಇವರಿಗೆ ಕಾಲೇಜೇ ಜೊತೆ ಮಾಡಿಕೊಡಬೇಕು.

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗನ್ನು ಎಂಟು ಸೆಮಿಸ್ಟರುಗಳ ಕೋರ್ಸನ್ನಾಗಿ ಬದಲಿಸಿತು. ಮೊದಲ ಸೆಮಿಸ್ಟರಿನಲ್ಲೇ ಅಂಗರಚನೆ, ಶರೀರಕ್ರಿಯೆ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಇಂಗ್ಲಿಷ್, ನರ್ಸಿಂಗ್‌ನ ಮೂಲಪಾಠ ಎಲ್ಲವೂ ಒಟ್ಟಿಗೆ ಬರುತ್ತವೆ. ಅದರ ಜೊತೆಗೆ ವಾರ್ಡು. ನಾಡಿ ಎಣಿಸುವುದನ್ನು ಬೋಧಕರು ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಅಪ್ಪನ ವಯಸ್ಸಿನ ರೋಗಿಗೆ ಬೆಡ್‌ಪ್ಯಾನ್ ಕೊಡುವಾಗ ಮುಖ ಎತ್ತ ತಿರುಗಿಸಬೇಕು, ಬೆಳಿಗ್ಗೆ ಮಾತಾಡಿಸಿದ ಅಜ್ಜಿ ಮಧ್ಯಾಹ್ನ ತೀರಿಕೊಂಡರೆ ರಾತ್ರಿ ಊಟ ಹೇಗೆ ಮಾಡಬೇಕು ಎಂದು ಮೇಡಂ ಹತ್ತಿರ ಕೇಳಲು ನಾಲಿಗೆ ಏಳುವುದಿಲ್ಲ. ‘ಅಕ್ಕಾ, ನಿಮಗೂ ಹಿಂಗೇ ಆಗಿತ್ತಾ?’ ಎಂದು ಕೇಳುವುದು ಸುಲಭ.

ಸೂಜಿ ಚುಚ್ಚಿಕೊಳ್ಳುವ ಸಂಗತಿ ನೋಡಿ. ರೋಗಿಗೆ ಬಳಸಿದ ಸೂಜಿ ಬೆರಳಿಗೆ ತಗುಲಿದರೆ ಕೂಡಲೇ ಹರಿಯುವ ನೀರು, ಸೋಪಿನಲ್ಲಿ ತೊಳೆಯಬೇಕು. ಬೆರಳನ್ನು ಹಿಂಡಬಾರದು. ತಡಮಾಡದೆ ವಾರ್ಡಿನ ಹೊಣೆ ಹೊತ್ತವರಿಗೆ ತಿಳಿಸಬೇಕು. ಎಚ್.ಐ.ವಿ. ತಡೆಯುವ ಔಷಧಿ ಬೇಕೆಂದು ವೈದ್ಯರು ಹೇಳಿದರೆ ಅದನ್ನು ಎರಡು ಗಂಟೆಯೊಳಗೆ ಶುರುಮಾಡುವುದು ಉತ್ತಮ. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಬೈಗುಳಕ್ಕೆ ಹೆದರಿ ಬಾಯಿ ಮುಚ್ಚಿಕೊಂಡ ಹುಡುಗಿ ಈ ಹೊತ್ತನ್ನೇ ಕಳೆದುಕೊಳ್ಳುತ್ತಾಳೆ. ‘ಹೆದರಬ್ಯಾಡ, ನಡಿ, ಈಗಲೇ ಸಿಸ್ಟರ್‌ಗೆ ಹೇಳೋಣ’ ಎಂದು ಕೈಹಿಡಿದು ಕರೆದೊಯ್ಯುವ ಹಿರಿಯಳೊಬ್ಬಳು ಪಕ್ಕದಲ್ಲಿದ್ದರೆ ಒಂದು ಜೀವ ಉಳಿಯಬಹುದು.

ಹೀಗೆ ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವುದು ನಮ್ಮ ನೆಲಕ್ಕೆ ಹೊಸತಲ್ಲ. ಹಳೆಯ ಕೂಲಿಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದವರಲ್ಲಿ ದೊಡ್ಡ ಹುಡುಗರೂ ಇದ್ದರು. 1789ರಿಂದ ಮದ್ರಾಸಿನ ಅನಾಥಾಲಯವೊಂದನ್ನು ನೋಡಿಕೊಂಡ ಆಂಡ್ರ್ಯೂ ಬೆಲ್ ಎಂಬ ಸ್ಕಾಟಿಷ್ ಪಾದ್ರಿ, ಇಲ್ಲಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದರು. 1797ರಲ್ಲಿ ಅವರು ಪ್ರಕಟಿಸಿದ ವರದಿಯ ನಂತರ ಆ ಕ್ರಮ ‘ಮದ್ರಾಸ್ ಪದ್ಧತಿ’ ಎಂದೇ ಇಂಗ್ಲೆಂಡಿನಲ್ಲಿ ಹಬ್ಬಿತು.

ಹಿರಿಯ-ಕಿರಿಯರನ್ನು ಜೋಡಿ ಮಾಡುವ ಈ ಕ್ರಮವನ್ನು ಕಾಲೇಜಿನಲ್ಲಿ ಶುರುಮಾಡಲು ದೊಡ್ಡ ಖರ್ಚು ಬೇಡ, ಶಿಸ್ತು ಬೇಕು. ಎರಡನೇ, ಮೂರನೇ ವರ್ಷದವರಲ್ಲಿ ತಾವಾಗಿ ಮುಂದೆ ಬಂದವರನ್ನೇ ಆರಿಸಬೇಕು. ರ‍್ಯಾಂಕಿನವರೇ ಆಗಬೇಕಿಲ್ಲ, ಒಂದು ವಿಷಯದಲ್ಲಿ ಫೇಲಾಗಿ ಎದ್ದು ನಿಂತವಳು ಎಷ್ಟೋ ಸಲ ಹೆಚ್ಚು ನೆರವಾಗುತ್ತಾಳೆ. ಒಬ್ಬರಿಗೆ ಮೂರ‍್ನಾಲ್ಕು ಕಿರಿಯರು ಸಾಕು. ವಾರಕ್ಕೊಂದು ಗಂಟೆಯನ್ನು ಟೈಮ್‌ಟೇಬಲ್‌ನಲ್ಲೇ ಬರೆದಿಡಬೇಕು. ಡ್ಯೂಟಿ ಮುಗಿದ ಮೇಲೆ ನೋಡಿಕೊಳ್ಳಿ ಎಂದರೆ ಎರಡೇ ತಿಂಗಳಲ್ಲಿ ಕೆಲಸ ನಿಲ್ಲುತ್ತದೆ. ಜೋಡಿ ಹೊಂದದಿದ್ದರೆ ಕಾರಣ ಕೇಳದೆ ಬದಲಿಸಿಕೊಡಬೇಕು. ಈ ಜೋಡಿಗಳ ಬೆನ್ನಿಗೆ ಒಬ್ಬ ಬೋಧಕರು ನಿಂತಿರಲೇಬೇಕು.

ಎಲ್ಲೆಯನ್ನೂ ಮೊದಲೇ ಹೇಳಬೇಕು. ಇಂಜೆಕ್ಷನ್ ಕೊಡಿಸಿ ಕಲಿಸುವುದು ಬೋಧಕರ, ವಾರ್ಡ್ ಸಿಸ್ಟರ್‌ಗಳ ಹೊಣೆ, ಹಿರಿಯ ವಿದ್ಯಾರ್ಥಿಯದಲ್ಲ. ಕಿರಿಯಳಿಂದ ರೆಕಾರ್ಡ್ ಬರೆಸುವುದು, ಅಂಗಡಿಗೆ ಓಡಿಸುವುದು ರ‍್ಯಾಗಿಂಗ್. ಯುಜಿಸಿಯ 2009ರ ನಿಯಮಗಳು ಅದನ್ನು ನಿಷೇಧಿಸಿವೆ. ಕೇಳಿದ ಗುಟ್ಟು ಹಾಸ್ಟೆಲ್ ತುಂಬ ಹರಡಬಾರದು. ಆದರೆ ‘ಬದುಕೋದೇ ಬೇಡ ಅನಿಸ್ತದೆ’ ಎಂಬ ಮಾತು ಬಂದರೆ ಅದು ಗುಟ್ಟಲ್ಲ. ಆ ಹುಡುಗಿಯನ್ನು ಒಂಟಿ ಬಿಡದೆ, ಅಂದೇ ಬೋಧಕರಿಗೆ ತಿಳಿಸಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಈ ಕೆಲಸದಲ್ಲಿ ಹಿರಿಯರಿಗೂ ಲಾಭವಿದೆ. ಹೆದರಿದವರ ಮಾತು ಕೇಳಿಸಿಕೊಳ್ಳುವುದು, ತಿಳಿದದ್ದನ್ನು ಸರಳವಾಗಿ ಹೇಳುವುದು, ತನ್ನ ಕೈಮೀರಿದ್ದನ್ನು ಸರಿಯಾದವರಿಗೆ ಒಪ್ಪಿಸುವುದು ನರ್ಸ್ ದಿನವೂ ಮಾಡುವ ಕೆಲಸ. ಕಿರಿಯಳೊಂದಿಗೆ ಇದನ್ನು ರೂಢಿಸಿಕೊಂಡವಳು ನಾಳೆ ರೋಗಿಯ ಬಳಿಯೂ ಹಾಗೆಯೇ ನಡೆದುಕೊಳ್ಳುತ್ತಾಳೆ.

ಅದಕ್ಕೇ ತಂದೆತಾಯಿಗಳಲ್ಲಿ ನನ್ನದೊಂದು ಕೋರಿಕೆ. ಮಕ್ಕಳನ್ನು ನರ್ಸಿಂಗ್‌ಗೆ ಸೇರಿಸುವಾಗ ಫೀಸು, ಹಾಸ್ಟೆಲ್, ಊಟ ವಿಚಾರಿಸುತ್ತೀರಿ. ಜೊತೆಗೆ ‘ಮೊದಲ ವರ್ಷ ನನ್ನ ಮಗಳನ್ನು ನೋಡಿಕೊಳ್ಳುವ ಹಿರಿಯ ವಿದ್ಯಾರ್ಥಿ ಯಾರು?’ ಎಂದೂ ಕೇಳಿ. ಹತ್ತು ಪೋಷಕರು ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಕಾಲೇಜು ಉತ್ತರ ಸಿದ್ಧಮಾಡಿಕೊಂಡಿರುತ್ತದೆ.