ನಾಲ್ಕು ನಾಯಿಗಳು ಬಿಡಿಸಿದ ಸಿಕ್ಕು

ಐವತ್ತು ದಾಟಿದ, ಹೊಟ್ಟೆ ಬಂದಿರುವ, ಜೋರಾಗಿ ಗೊರಕೆ ಹೊಡೆಯುವ ಒಬ್ಬರು ವೈದ್ಯರ ಮುಂದೆ ಕೂರುತ್ತಾರೆ. ಬಿಪಿ ಇದೆ, ಶುಗರ್ ಅಂಚಿನಲ್ಲಿದೆ, ಮಧ್ಯಾಹ್ನವಾದರೆ ಕುರ್ಚಿಯಲ್ಲೇ ತೂಕಡಿಕೆ. ರಾತ್ರಿ ಇವರ ಉಸಿರು ನಿಂತೇ ಹೋದಂತಾಗಿ ಆಮೇಲೆ ಗೊರ್ ಎಂದು ಮತ್ತೆ ಶುರುವಾಗುತ್ತದೆ ಎಂದು ಹೆಂಡತಿ ಹೇಳುತ್ತಾರೆ. ಇದರಲ್ಲಿ ಯಾವುದು ಯಾವುದಕ್ಕೆ ಕಾರಣ? ಬಿಪಿ ಏರಿದ್ದು ಉಸಿರು ಕಟ್ಟುವುದರಿಂದಲೋ, ಬೊಜ್ಜಿನಿಂದಲೋ, ಉಪ್ಪಿನಿಂದಲೋ, ಬರೀ ವಯಸ್ಸಿನಿಂದಲೋ?

ಸ್ಲೀಪ್ ಆಪ್ನಿಯಾ ಎಂಬ ಈ ಕಾಯಿಲೆಯಲ್ಲಿ ನಿದ್ದೆ ಹತ್ತಿದ ಮೇಲೆ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಉಸಿರೆಳೆಯಲು ಹೆಣಗುತ್ತದೆ, ಗಾಳಿ ಒಳಗೆ ಬರುವುದಿಲ್ಲ. ರಕ್ತದ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮೆದುಳು ಗಾಬರಿಗೊಂಡು ಕ್ಷಣಕಾಲ ಎಚ್ಚರಿಸಿದಾಗ ದಾರಿ ತೆರೆಯುತ್ತದೆ, ಮತ್ತೆ ನಿದ್ದೆ, ಮತ್ತೆ ಕಟ್ಟು. ಕಾಯಿಲೆ ತೀವ್ರವಾದಾಗ ಗಂಟೆಗೆ 30 ಸಲಕ್ಕೂ ಹೆಚ್ಚು ಹೀಗಾಗುತ್ತದೆ. ಬೆಳಿಗ್ಗೆ ಎದ್ದವರಿಗೆ ಇದ್ಯಾವುದೂ ನೆನಪಿರುವುದಿಲ್ಲ. 30ರಿಂದ 69 ವರ್ಷದೊಳಗಿನ ಸುಮಾರು 93 ಕೋಟಿ ಜನರಿಗೆ ಹೆಚ್ಚೋ ಕಡಿಮೆಯೋ ಈ ತೊಂದರೆ ಇದೆ ಎಂದು 2019ರ ಜಾಗತಿಕ ಅಂದಾಜು ಹೇಳಿತು.

ಒಂದೇ ರಾತ್ರಿಯಲ್ಲಿ ಆಮ್ಲಜನಕದ ಏರಿಳಿತ, ಮುರಿದ ನಿದ್ದೆ, ಎದೆಗೂಡಿನೊಳಗಿನ ಎಳೆತ ಎಲ್ಲವೂ ಒಟ್ಟಿಗೆ ನಡೆಯುತ್ತವೆ. ಮನುಷ್ಯರಲ್ಲಿ ಇವುಗಳ ಜೊತೆ ಅವರ ಊಟ, ಕುಡಿತ, ಚಿಂತೆ, ಮನೆತನದಿಂದ ಬಂದದ್ದು ಎಲ್ಲವೂ ಹೆಣೆದುಕೊಂಡಿರುತ್ತವೆ. ಈ ಸಿಕ್ಕಿನಿಂದ ಒಂದೊಂದೇ ಎಳೆ ಬಿಡಿಸುವುದಕ್ಕೆ ವಿಜ್ಞಾನಿಗಳು ಪ್ರಾಣಿಗಳ ಬಳಿ ಹೋದರು.

ತಾನಾಗಿಯೇ ಈ ಕಾಯಿಲೆ ಬರುವ ಪ್ರಾಣಿ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಚಪ್ಪಟೆ ಮುಖದ ಇಂಗ್ಲಿಷ್ ಬುಲ್‌ಡಾಗ್ ಇತ್ತು. 1987ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋನ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು ಈ ನಾಯಿಗಳು ಮಲಗಿದಾಗ ಅಳೆದು ನೋಡಿದರು. ಉಸಿರು ಅಡ್ಡಾದಿಡ್ಡಿ, ಆಮ್ಲಜನಕ ಮತ್ತೆ ಮತ್ತೆ ಕುಸಿತ. ಕನಸು ಬೀಳುವ ನಿದ್ದೆಯಲ್ಲಂತೂ ಇನ್ನೂ ಹೆಚ್ಚು. ಹಗಲಿನಲ್ಲಿ ಸುಮ್ಮನೆ ಬಿಟ್ಟರೆ ಸಾಕು, ಬೇಗ ನಿದ್ದೆಗೆ ಜಾರುತ್ತಿದ್ದವು. ಮೊಂಡು ಮೂತಿ ಚೆಂದವೆಂದು ತಲೆಮಾರುಗಳ ಕಾಲ ತಳಿ ಮಾಡುತ್ತ ಬಂದವರು ನಾವು. ಆ ನಾಯಿಗಳ ಉಸಿರುಗಟ್ಟುವಿಕೆಯಲ್ಲಿ ನಮ್ಮ ಪಾಲಿದೆ. ಬುಲ್‌ಡಾಗ್ ಕಾಯಿಲೆಯನ್ನು ತೋರಿಸಿಕೊಟ್ಟಿತು, ನಿಜ. ಆದರೆ ಬಿಪಿಗೆ ಕಾರಣ ಯಾವುದು ಎಂಬ ಪ್ರಶ್ನೆಗೆ ಹುಟ್ಟಿನಿಂದಲೇ ಕಾಯಿಲೆ ಹೊತ್ತ ಪ್ರಾಣಿ ಉತ್ತರ ಹೇಳಲಾರದು. ಆರೋಗ್ಯವಾಗಿದ್ದ ಪ್ರಾಣಿಗೆ ಕಾಯಿಲೆ ಬರಿಸಿ, ಅದನ್ನು ತೆಗೆದೂ ನೋಡಬೇಕು.

ಟೊರಾಂಟೊದಲ್ಲಿ ಎಲಿಯಟ್ ಫಿಲಿಪ್ಸನ್ ಅವರ ತಂಡ ಮಾಡಿದ್ದು ಇದನ್ನೇ. (ನಿದ್ದೆಯಲ್ಲಿನ ಉಸಿರಾಟದ ಬಗ್ಗೆ ನಾಯಿಗಳಿಂದ ಕಲಿಯಲು ಇವರ ಪ್ರಯೋಗಾಲಯಕ್ಕೆ ಬಂದಿದ್ದವರಲ್ಲಿ ಕಾಲಿನ್ ಸಲಿವನ್ ಒಬ್ಬರು. ಆಸ್ಟ್ರೇಲಿಯಾಕ್ಕೆ ಮರಳಿದ ಮೇಲೆ, ಇವತ್ತು ರೋಗಿಗಳು ಮುಖಕ್ಕೆ ಹಾಕಿಕೊಂಡು ಮಲಗುವ ಸಿಪ್ಯಾಪ್ ಯಂತ್ರದ ಬಗ್ಗೆ 1981ರಲ್ಲಿ ಮೊದಲು ಬರೆದವರು ಅವರೇ.) ನಾಲ್ಕು ನಾಯಿಗಳ ಕತ್ತಿನಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಕೊಳವೆ ಕೂರಿಸಿದರು. ಕೊಳವೆಗೆ ಸದ್ದು ಮಾಡದ ಒಂದು ವಾಲ್ವ್. ನಾಯಿಯ ಮೆದುಳಿನ ಅಲೆಗಳು ನಿಸ್ತಂತುವಾಗಿ ಕಂಪ್ಯೂಟರಿಗೆ ಬರುತ್ತಿದ್ದವು. ನಿದ್ದೆ ಹತ್ತಿತೆಂದು ಕಂಪ್ಯೂಟರಿಗೆ ತಿಳಿದೊಡನೆ ವಾಲ್ವ್ ಮುಚ್ಚುತ್ತಿತ್ತು, ನಾಯಿ ಎಚ್ಚರವಾದೊಡನೆ ತೆರೆಯುತ್ತಿತ್ತು. ಇಡೀ ರಾತ್ರಿ ಹೀಗೆ, ಒಂದರಿಂದ ಮೂರು ತಿಂಗಳವರೆಗೆ.

1997ರಲ್ಲಿ ಪ್ರಕಟವಾದ ಫಲಿತಾಂಶ ಇದು: ರಾತ್ರಿಯ ರಕ್ತದೊತ್ತಡ ಸುಮಾರು 13 ಮಿಲಿಮೀಟರ್ ಏರಿತು. ಉಸಿರು ಕಟ್ಟುವಾಗ ಒತ್ತಡ ಏರುವುದು ಆಶ್ಚರ್ಯವಲ್ಲ. ಆದರೆ ಯಾವ ಅಡ್ಡಿಯೂ ಇಲ್ಲದೆ ಸರಾಗವಾಗಿ ಉಸಿರಾಡುತ್ತಿದ್ದ ಹಗಲಿನಲ್ಲೂ ಅದು ಸುಮಾರು 16 ಮಿಲಿಮೀಟರ್ ಹೆಚ್ಚಾಗಿತ್ತು. ವಾಲ್ವ್ ಮುಚ್ಚುವುದನ್ನು ನಿಲ್ಲಿಸಿದ ಮೇಲೆ ಒತ್ತಡ ಮೊದಲಿನ ಮಟ್ಟಕ್ಕೆ ಇಳಿಯಿತು. ಬೊಜ್ಜಿಲ್ಲದ, ಸಿಗರೇಟು ಸೇದದ, ಮನೆ ಸಾಲದ ಚಿಂತೆಯಿಲ್ಲದ ಪ್ರಾಣಿಗೆ ರಾತ್ರಿ ಉಸಿರು ಕಟ್ಟಿದ್ದರಿಂದಲೇ ಹಗಲಿನ ಬಿಪಿ ಬಂತು.

ಇಷ್ಟಕ್ಕೇ ಅವರು ನಿಲ್ಲಲಿಲ್ಲ. ನನಗೆ ಈ ಅಧ್ಯಯನ ಬಹಳ ದೊಡ್ಡದಾಗಿ ಕಾಣುವುದು ಮುಂದಿನ ಹೆಜ್ಜೆಯಿಂದ. ನಿದ್ದೆಗೆಟ್ಟದ್ದೇ ಕಾರಣವಾಗಿದ್ದರೆ? ಅದೇ ನಾಯಿಗಳನ್ನು ಈ ಸಲ ಉಸಿರು ಕಟ್ಟಿಸದೆ ಸದ್ದು ಮಾಡಿ ಪದೇ ಪದೇ ಎಬ್ಬಿಸಿದರು. ರಾತ್ರಿ ಒತ್ತಡ ಏರಿತು, ಆದರೆ ಹಗಲಿಗೆ ಅದು ದಾಟಲಿಲ್ಲ. ಅಂದರೆ ದಿನವಿಡೀ ಉಳಿಯುವ ಬಿಪಿಗೆ ಬರೀ ಎಚ್ಚರವಾಗುವುದು ಸಾಲದು, ಉಸಿರು ಕಟ್ಟಲೇಬೇಕು. ಪ್ರತಿ ನಾಯಿಯನ್ನೂ ಅದರದೇ ಹಳೆಯ ಸ್ಥಿತಿಯೊಂದಿಗೆ ಹೋಲಿಸಿದ್ದರಿಂದ ನಾಲ್ಕೇ ನಾಯಿಗಳು ಸಾಕಾದವು. ತಿಂಗಳುಗಟ್ಟಲೆ ಕತ್ತಿನಲ್ಲಿ ರಂಧ್ರ ಹೊತ್ತು, ನಿದ್ದೆಗೊಮ್ಮೆ ಉಸಿರು ಕಳೆದುಕೊಂಡ ಜೀವಗಳವು. ಪ್ರಶ್ನೆ ಇಷ್ಟು ನಿಖರವಾಗಿರದಿದ್ದರೆ ಆ ನೋವಿಗೆ ಸಮರ್ಥನೆ ಇರುತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಉಸಿರು ಕಟ್ಟಿದಾಗ ದೇಹವನ್ನು ಕೆಡಿಸುವುದು ಯಾವುದು? ಅಮೆರಿಕದ ಯೂಜೀನ್ ಫ್ಲೆಚರ್ ಇಲಿಗಳ ಗೂಡಿಗೆ ನೈಟ್ರೋಜನ್ ಬಿಟ್ಟು, ಅರ್ಧ ನಿಮಿಷಕ್ಕೊಮ್ಮೆ ಕೆಲವು ಸೆಕೆಂಡುಗಳ ಕಾಲ ಆಮ್ಲಜನಕ ಕುಸಿಯುವಂತೆ ಮಾಡಿದ್ದರು. ದಿನಕ್ಕೆ 7 ಗಂಟೆ, 35 ದಿನ. ಗಂಟಲು ಮುಚ್ಚಲಿಲ್ಲ, ಆದರೂ ಸರಾಸರಿ ರಕ್ತದೊತ್ತಡ ಸುಮಾರು 14 ಮಿಲಿಮೀಟರ್ ಏರಿತು. ಕತ್ತಿನ ಧಮನಿ ಕವಲೊಡೆಯುವಲ್ಲಿ ಕೆರೋಟಿಡ್ ಬಾಡಿ ಎಂಬ ಪುಟ್ಟ ಅಂಗವಿದೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಸದಾ ನೋಡುತ್ತಿರುವುದು ಅದರ ಕೆಲಸ. ಅದರ ನರಗಳನ್ನು ಮೊದಲೇ ಕತ್ತರಿಸಿದ್ದ ಇಲಿಗಳಲ್ಲಿ ಒತ್ತಡ ಏರಲೇ ಇಲ್ಲ.

ಈಗ ಶಿಕಾಗೊ ವಿಶ್ವವಿದ್ಯಾಲಯದಲ್ಲಿರುವ ನಂದೂರಿ ಪ್ರಭಾಕರ್ ಈ ಅಂಗದ ಬೆನ್ನು ಹತ್ತಿದವರು. ಆಮ್ಲಜನಕ ಮೇಲಿಂದ ಮೇಲೆ ಇಳಿದು ಏರಿದರೆ ಕೆರೋಟಿಡ್ ಬಾಡಿ ಅತಿಸೂಕ್ಷ್ಮವಾಗಿ, ಅಪಾಯವಿಲ್ಲದಾಗಲೂ ಅಡ್ರಿನಲಿನ್ ಬಗೆಯ ನರಗಳನ್ನು ಕೆರಳಿಸುತ್ತದೆ. ಜೀವಕೋಶಗಳು ಆಮ್ಲಜನಕದ ಕೊರತೆಗೆ ಸ್ಪಂದಿಸಲು ಬೇಕಾದ ಹಿಫ್-1 ಎಂಬ ಪ್ರೊಟೀನನ್ನು ಕಂಡುಹಿಡಿದು 2019ರ ನೊಬೆಲ್‌ನಲ್ಲಿ ಪಾಲು ಪಡೆದ ಗ್ರೆಗ್ ಸೆಮೆಂಜಾ ಜೊತೆಗೂಡಿ ಅವರು 2006ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಆ ಪ್ರೊಟೀನಿನ ಜೀನಿನ ಎರಡು ಪ್ರತಿಗಳ ಬದಲು ಒಂದೇ ಪ್ರತಿ ಇರುವ ಚಿಟ್ಟಿಲಿಗಳಿಗೆ ಇದೇ ಏರಿಳಿತ ಕೊಟ್ಟರೂ ಬಿಪಿ ಬರಲಿಲ್ಲ.

ಇಲಿಯ ಗೂಡು ಮನುಷ್ಯನ ಹಾಸಿಗೆಯಲ್ಲ ಎಂಬುದನ್ನೂ ಹೇಳಬೇಕು. ಉಸಿರು ಕಟ್ಟಿದ ಮನುಷ್ಯನ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಗಾಳಿ ತೆಳುವಾದ ಗೂಡಿನಲ್ಲಿ ಇಲಿ ಏದುಸಿರು ಬಿಡುವುದರಿಂದ ಅದು ಇಳಿಯುತ್ತದೆ. ಮುಚ್ಚಿದ ಗಂಟಲಿನೆದುರು ಎದೆ ಹೆಣಗುವುದೂ ಅಲ್ಲಿಲ್ಲ. ಮನುಷ್ಯ ಹತ್ತಿಪ್ಪತ್ತು ವರ್ಷ ಅನುಭವಿಸುವುದನ್ನು ಇಲಿಗೆ ಕೆಲವೇ ವಾರಗಳಲ್ಲಿ, ಹೆಚ್ಚು ತೀವ್ರವಾಗಿ ಕೊಡುತ್ತಾರೆ. ಹೀಗಾಗಿ ಪ್ರಾಣಿಗಳಲ್ಲಿ ಕಂಡದ್ದನ್ನು ಚಿಕಿತ್ಸೆಯ ಭರವಸೆಯಾಗಿ ನೇರ ಹೊರಿಸುವಂತಿಲ್ಲ. ಮೊದಲೇ ಹೃದಯ ಅಥವಾ ಮೆದುಳಿನ ರಕ್ತನಾಳಗಳ ಕಾಯಿಲೆಯಿದ್ದ 2,717 ಆಪ್ನಿಯಾ ರೋಗಿಗಳ ಮೇಲೆ ಭಾರತವೂ ಸೇರಿ ಏಳು ದೇಶಗಳಲ್ಲಿ ನಡೆದ ಅಧ್ಯಯನವೊಂದು 2016ರಲ್ಲಿ ಹೊರಬಂತು. ಸಿಪ್ಯಾಪ್ ಹಾಕಿಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಅವರು ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಎಂಬುದನ್ನೂ ಜೊತೆಗೇ ಓದಬೇಕು.

ಪ್ರಾಣಿಗಳಲ್ಲದೆ ಬೇರೆ ಎಲ್ಲೂ ಕಾಣಲಾಗದ್ದೂ ಇದೆ. ಪ್ರತಿ ರಾತ್ರಿ ತಪ್ಪದೆ ಸಿಪ್ಯಾಪ್ ಹಾಕಿಕೊಂಡರೂ ಕೆಲವರಿಗೆ ಹಗಲಿನ ತೂಕಡಿಕೆ ಹೋಗುವುದಿಲ್ಲ. ನೀವು ಸರಿಯಾಗಿ ಹಾಕಿಕೊಳ್ಳುತ್ತಿಲ್ಲ ಎಂಬ ಗದರಿಕೆಯನ್ನೂ ಅವರು ಕೇಳಬೇಕಾಗುತ್ತದೆ. ಪೆನ್ಸಿಲ್ವೇನಿಯಾದ ಸಿಗ್ರಿಡ್ ವೀಸಿ 8 ವಾರ ಆಮ್ಲಜನಕದ ಏರಿಳಿತ ಕೊಟ್ಟು, ಆಮೇಲೆ ಮಾಮೂಲು ಗಾಳಿಯಲ್ಲಿಟ್ಟ ಚಿಟ್ಟಿಲಿಗಳನ್ನು ಪರೀಕ್ಷಿಸಿದರು. ವಾರಗಳು ಕಳೆದರೂ ತೂಕಡಿಕೆ ಉಳಿದಿತ್ತು. ನಮ್ಮನ್ನು ಎಚ್ಚರವಾಗಿಡುವ ನರಕೋಶಗಳಿರುವ ಮೆದುಳಿನ ಭಾಗಗಳಲ್ಲಿ ಹಾನಿ ಕಂಡಿತು, ಮುಂದಿನ ಅಧ್ಯಯನದಲ್ಲಿ ಆ ಕೋಶಗಳೇ ನಾಶವಾಗಿರುವುದು ಗೊತ್ತಾಯಿತು. ಬದುಕಿರುವ ಮನುಷ್ಯನ ಮೆದುಳು ತೆರೆದು ಅವನ್ನು ಎಣಿಸಲು ಬರುವುದಿಲ್ಲ. ಆದರೆ ಯಂತ್ರ ಹಾಕಿಕೊಂಡೂ ತೂಕಡಿಸುವ ರೋಗಿಯ ಮಾತನ್ನು ನಂಬಲು ವೈದ್ಯರಿಗೆ ಈಗ ಒಂದು ಕಾರಣ ಸಿಕ್ಕಿದೆ.